ಪರದೇಶವಾಸಕ್ಕೆ ಹೊಣೆ: ಆರೋಗ್ಯವಿಮಾಪತ್ರದ ಪೂರ್ವಚರಿತ್ರೆ

೧. ವಿಷಯಪ್ರವೇಶ

ಪರದೇಶದಲ್ಲಿ ನೆಲಸಬೇಕೆಂದು ಬಯಸುವವನು ಅಲ್ಲಿನ ಅಧಿಕಾರಿಗಳಿಗೆ ಒಪ್ಪಿಸಬೇಕಾದ ಪತ್ರಗಳ ವಿಚಾರವು ಈ ಪತ್ರಿಕೆಯ ವಾಚಕರ ಗಮನಕ್ಕೆ ತರತಕ್ಕ ವಿಷಯವಲ್ಲವೆಂದು ಮೊದಲ ನೋಟಕ್ಕೆ ತೋರಬಹುದು. ಅದು ಗುಮಾಸ್ತರಿಗೂ ವಕೀಲರಿಗೂ ಸೇರಿದ ಮಾತೆಂದು ನಾನೂ ಬಹುಕಾಲ ಎಣಿಸಿದ್ದೆನು. ಕಳೆದ ವರ್ಷ, ನನ್ನಲ್ಲಿ ವ್ಯಾಕರಣವನ್ನು ಓದಿದ್ದ ಶಿಷ್ಯನೊಬ್ಬನು ಜರ್ಮನಿಯ ವಿಶ್ವವಿದ್ಯಾಲಯವೊಂದಕ್ಕೆ ವ್ಯಾಸಂಗಾರ್ಥವಾಗಿ ಹೊರಟಾಗ, ಒಪ್ಪಿಸಬೇಕಾದ ಪತ್ರಗಳ ಪಟ್ಟಿಯನ್ನು ತಂದು ತೋರಿಸಿದನು. ಪಾಸುಪೋರ್ಟು, ಪದವೀಪತ್ರಗಳು, ಅವುಗಳನ್ನು ಪರಿಶೀಲಿಸಿದ ಕಚೇರಿಯ ಪ್ರಮಾಣಪತ್ರ, ಒಂದು ವರ್ಷದ ಜೀವನಕ್ಕೆ ಸಾಲುವಷ್ಟು ಹಣವನ್ನು ಬ್ಯಾಂಕಿನಲ್ಲಿ ತಡೆದಿಟ್ಟುದಕ್ಕೆ ಆಧಾರ, ಕಡೆಯದಾಗಿ ಆರೋಗ್ಯವಿಮೆಯ ಪತ್ರ. ಅವನು ಮೊದಲು ಮಾಡಿಸಿದ್ದ ವಿಮೆಯು ಪ್ರಯಾಣಿಕನಿಗೆ ತಕ್ಕುದೇ ಹೊರತು ನಿವಾಸಿಗೆ ತಕ್ಕುದಲ್ಲವೆಂದು ಹಿಂದಿರುಗಿ ಬಂದಿತ್ತು. "ಗುರುಗಳೆ, ನನಗೆ ಯಾವ ಕಾಯಿಲೆಯೂ ಇಲ್ಲ. ಇಲ್ಲದ ಕಾಯಿಲೆಗೆ ಇವರು ಪತ್ರವನ್ನೇಕೆ ಕೇಳುತ್ತಾರೆ?" ಎಂದು ಅವನು ಕೇಳಿದನು.

ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆ ಪಟ್ಟಿಯನ್ನು ಮತ್ತೆ ಮತ್ತೆ ಓದಿದಂತೆ ಮಿತಾಕ್ಷರೆಯ ವ್ಯವಹಾರಾಧ್ಯಾಯವು ಸ್ಮರಣೆಗೆ ಬಂದಿತು. ಋಣಾದಾನಪ್ರಕರಣದಲ್ಲಿ ಹೇಳಿರುವ ಹೊಣೆಗಾರರೇ ಹೆಸರನ್ನು ಬದಲಾಯಿಸಿಕೊಂಡು ಈ ಪಟ್ಟಿಯಲ್ಲಿ ಸಾಲಾಗಿ ನಿಂತಿರುವರೋ ಎಂಬಂತೆ ಕಂಡಿತು. ಈ ಸಾದೃಶ್ಯವು ಕೇವಲ ಬಾಹ್ಯವಾದುದೋ ಅಥವಾ ಚರಿತ್ರೆಯು ಅದಕ್ಕೆ ಬೆಂಬಲವಾಗಿರುವುದೋ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶವು. ಯೂರೋಪಿನವರು ನಮ್ಮ ಸ್ಮೃತಿಗಳಿಂದ ಇದನ್ನು ಕಲಿತರೆಂದು ನಾನು ಹೇಳಹೊರಟಿಲ್ಲ. ಅಂಥ ಮಾತಿಗೆ ಆಧಾರವಿಲ್ಲ. ಅಪರಿಚಿತನೊಬ್ಬನು ಬಾಗಿಲಿಗೆ ಬಂದಾಗ ಮನೆಯವರಿಗೆ ಹುಟ್ಟುವ ಸಂದೇಹಗಳು ಎಲ್ಲ ದೇಶಗಳಲ್ಲಿಯೂ ಒಂದೇ ಆಗಿರುವುದರಿಂದ, ಅವುಗಳ ಪರಿಹಾರಗಳೂ ಒಂದನ್ನೊಂದು ಹೋಲುವುವು ಎಂಬಷ್ಟೇ ನನ್ನ ಅಭಿಪ್ರಾಯ.

೨. ಪ್ರಾತಿಭಾವ್ಯದ ಸ್ವರೂಪ

ಹೊಣೆಗಾರನಿಗೆ ಸಂಸ್ಕೃತದಲ್ಲಿ ಪ್ರತಿಭೂ ಎಂದೂ ಅವನ ಕಾರ್ಯಕ್ಕೆ ಪ್ರಾತಿಭಾವ್ಯವೆಂದೂ ಹೆಸರು. ಹಳಗನ್ನಡದಲ್ಲಿ ಪೊಣೆ, ಹೊಸಗನ್ನಡದಲ್ಲಿ ಹೊಣೆ. ಜಾಮೀನು ಎಂಬುದು ಮುಸಲ್ಮಾನರ ಆಳಿಕೆಯ ಕಾಲದಲ್ಲಿ ನಮ್ಮ ಕಚೇರಿಗಳಿಗೆ ಬಂದ ಮಾತು. ಯಾಜ್ಞವಲ್ಕ್ಯನು ಹೊಣೆಯನ್ನು ಮೂರು ಬಗೆಯಾಗಿ ವಿಭಾಗಿಸಿರುತ್ತಾನೆ. ಮೊದಲನೆಯದು ದರ್ಶನದ ಹೊಣೆ: 'ಕರೆದಾಗ ಇವನನ್ನು ನಿಮ್ಮ ಕಣ್ಣಮುಂದೆ ತಂದು ನಿಲ್ಲಿಸುವೆನು' ಎಂಬುದು. ಎರಡನೆಯದು ಪ್ರತ್ಯಯದ ಹೊಣೆ: 'ಇವನು ನಂಬತಕ್ಕವನು, ನಿಮ್ಮನ್ನು ವಂಚಿಸುವವನಲ್ಲ' ಎಂಬುದು. ಮೂರನೆಯದು ದಾನದ ಹೊಣೆ: 'ಇವನು ಕೊಡದಿದ್ದರೆ ನಾನು ಕೊಡುವೆನು' ಎಂಬುದು. ಇಲ್ಲಿ ದಾನವೆಂದರೆ ಧರ್ಮಾರ್ಥವಾಗಿ ಕೊಡುವುದಲ್ಲ, ಸಲ್ಲಬೇಕಾದುದನ್ನು ಸಲ್ಲಿಸುವುದು ಎಂಬುದನ್ನು ವಾಚಕರು ಗಮನಿಸಬೇಕು.

ಈ ಮೂರರಲ್ಲಿ ಭಾರವು ಸಮಾನವಲ್ಲ. ಮೊದಲಿನ ಇಬ್ಬರು ಹೊಣೆಗಾರರು ತಮ್ಮ ಮಾತು ಸುಳ್ಳಾದರೆ ತಾವೇ ತೆರಬೇಕು. ಅವರು ತೀರಿಹೋದರೆ ಮಕ್ಕಳಿಗೆ ಬಾಧ್ಯತೆಯಿಲ್ಲ. ಮೂರನೆಯವನ ಹೊಣೆಯಾದರೋ ಅವನ ಮಕ್ಕಳನ್ನೂ ಕಟ್ಟುತ್ತದೆ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (ಕ್ರಿ.ಶ. ೧೦೭೬–೧೧೨೬) ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಈ ಭೇದವನ್ನು ವಿವರಿಸಿರುವನು. ಹಣದ ಹೊಣೆಯು ಹೊಣೆಗಾರನ ಆಯುಸ್ಸಿನೊಡನೆ ಮುಗಿಯತಕ್ಕುದಲ್ಲವೆಂಬ ಈ ತತ್ತ್ವವು ಮುಂದೆ ನಮಗೆ ಉಪಯೋಗಕ್ಕೆ ಬರುವುದು.

ನಾರದನು ಇನ್ನೊಂದು ವಿಭಾಗವನ್ನು ಹೇಳಿರುವನು. ವಿಶ್ವಾಸಕ್ಕೆ ಕಾರಣಗಳು ಎರಡು: ಹೊಣೆ ಮತ್ತು ಆಧಿ, ಎಂದರೆ ಅಡವು. ವಿಷಯವನ್ನು ಸ್ಪಷ್ಟಪಡಿಸುವ ಪ್ರಮಾಣಗಳು ಎರಡು: ಲಿಖಿತ ಮತ್ತು ಸಾಕ್ಷಿ. ಈಗ ಶಿಷ್ಯನ ಪಟ್ಟಿಯನ್ನು ಮತ್ತೆ ನೋಡೋಣ. ಪಾಸುಪೋರ್ಟಿನಲ್ಲಿ ಸ್ವದೇಶದ ಸರ್ಕಾರವು 'ಇವನು ನಮ್ಮವನು, ಇವನನ್ನು ಹಿಂದಕ್ಕೆ ಬರಮಾಡಿಕೊಳ್ಳುವೆವು' ಎಂದು ದರ್ಶನಕ್ಕೆ ಹೊಣೆಯಾಗಿದೆ. ಪದವೀಪತ್ರ, ನಡತೆಯ ಪತ್ರ, ವೈದ್ಯಪರೀಕ್ಷೆಯ ಪತ್ರಗಳು ಪ್ರತ್ಯಯದ ಹೊಣೆ. ವಿಮಾಪತ್ರವು ದಾನದ ಹೊಣೆ. ಬ್ಯಾಂಕಿನಲ್ಲಿ ತಡೆದಿಟ್ಟ ಹಣವು—೨೦೨೪ರ ಸೆಪ್ಟೆಂಬರಿನಲ್ಲಿ ಜರ್ಮನಿಯು ವಿದ್ಯಾರ್ಥಿಗೆ ವರ್ಷಕ್ಕೆ ೧೧,೯೦೪ ಯೂರೋಗಳೆಂದು ಇದನ್ನು ಗೊತ್ತುಮಾಡಿತು—ಹೊಣೆಯಲ್ಲ, ಆಧಿ. ಇವೆಲ್ಲವನ್ನೂ ದೃಢಪಡಿಸುವ ಮೊಹರುಗಳು ಲಿಖಿತಕ್ಕೂ ಸಾಕ್ಷಿಗೂ ಸೇರಿದುವು.

೩. ಮುದ್ರೆಯೂ ವಿದೇಶೀಯನ ಶುಶ್ರೂಷೆಯೂ

ಪೂರ್ವಕಾಲದಲ್ಲಿ ಪ್ರಯಾಣಿಕರನ್ನು ಪತ್ರ ಕೇಳುವ ಪದ್ಧತಿಯೇ ಇರಲಿಲ್ಲವೆಂದು ಕೆಲವರು ಹೇಳುವುದುಂಟು. ಇದು ಸರಿಯಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ದೊರೆತ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವೇ ಇದೆ. ಒಂದು ಮಾಷಕವನ್ನು ತೆಗೆದುಕೊಂಡು ಇವನು ಮುದ್ರೆಯನ್ನು ಕೊಡತಕ್ಕದ್ದು. ಮುದ್ರೆಯುಳ್ಳವನಿಗೆ ಮಾತ್ರ ಜನಪದವನ್ನು ಹೊಗುವುದಕ್ಕೂ ಬಿಡುವುದಕ್ಕೂ ಅಧಿಕಾರ. ಮುದ್ರೆಯಿಲ್ಲದ ಸ್ವದೇಶೀಯನಿಗೆ ಹನ್ನೆರಡು ಪಣಗಳ ದಂಡ. ಕೂಟಮುದ್ರೆಯನ್ನು ಹಿಡಿದವನಿಗೆ ಪೂರ್ವಸಾಹಸದಂಡ. ಅವನು ಹೊರದೇಶದವನಾಗಿದ್ದರೆ ಉತ್ತಮಸಾಹಸದಂಡ. ಒಂದೇ ಅಪರಾಧಕ್ಕೆ ಪರದೇಶಿಗೆ ಹೆಚ್ಚಿನ ದಂಡವೆಂಬ ಭೇದವು ಎಷ್ಟು ಹಳೆಯದೆಂಬುದು ಇದರಿಂದ ಗೊತ್ತಾಗುತ್ತದೆ. ನಾಗರಿಕಪ್ರಕರಣದಲ್ಲಿ, ಗುಪ್ತವಾದ ಗಾಯಕ್ಕೆ ಚಿಕಿತ್ಸೆಯನ್ನು ಪಡೆಯುವವನ ವಿಷಯವನ್ನು ವೈದ್ಯನು ಗೋಪನಿಗೋ ಸ್ಥಾನಿಕನಿಗೋ ತಿಳಿಸಬೇಕೆಂಬ ವಿಧಿಯೂ ಇದೆ. ರೋಗಿಯನ್ನು ರಾಜಪುರುಷನ ಕಣ್ಣಿಗೆ ಬೀಳಿಸುವ ಕ್ರಮಕ್ಕೆ ಇದು ಹಳೆಯ ಉದಾಹರಣೆ.

ಆದರೆ ಮುದ್ರೆಯು ದರ್ಶನ-ಪ್ರತ್ಯಯಗಳಿಗೆ ಮಾತ್ರ ಸಂಬಂಧಿಸಿದುದು. ಬಂದ ವಿದೇಶೀಯನು ರೋಗದಿಂದ ಮಲಗಿದರೆ ಅವನನ್ನು ನೋಡಿಕೊಳ್ಳುವವರಾರು? ಈ ಪ್ರಶ್ನೆಗೆ ಯವನ ರಾಯಭಾರಿಯಾದ ಮೆಗಾಸ್ತನೀಸನ ಹೇಳಿಕೆಯಲ್ಲಿ ಉತ್ತರವಿದೆ. ಅವನ ಗ್ರಂಥವು ನಷ್ಟವಾಗಿದ್ದರೂ ಸ್ಟ್ರಾಬೋ ಎಂಬ ಭೂಗೋಳಕಾರನು ಅದರ ಭಾಗಗಳನ್ನು ಸಂಗ್ರಹಿಸಿರುತ್ತಾನೆ. ಪಾಟಲಿಪುತ್ರದ ನಗರಾಧಿಕಾರಿಗಳಲ್ಲಿ ಐವರ ಒಂದು ಮಂಡಲಿಗೆ ವಿದೇಶೀಯರ ಯೋಗಕ್ಷೇಮವೇ ಕೆಲಸ. ಅವರಿಗೆ ಬಿಡಾರವನ್ನು ಕೊಡುವುದು, ಪರಿಚಾರಕರ ಮೂಲಕ ಅವರ ನಡತೆಯನ್ನು ನೋಡುತ್ತಿರುವುದು, ಹೊರಡುವಾಗ ಬೆಂಗಾವಲು, ಕಾಯಿಲೆಬಿದ್ದರೆ ಶುಶ್ರೂಷೆ, ಸತ್ತರೆ ಸಂಸ್ಕಾರ, ಅವರ ಸೊತ್ತನ್ನು ಬಂಧುಗಳಿಗೆ ಕಳುಹಿಸುವುದು—ಇಷ್ಟೂ ಆ ಮಂಡಲಿಯ ಪಾಲಿಗೆ ಸೇರಿತ್ತು. ಅನಂತರ ಕ್ರಿ.ಶ. ಐದನೆಯ ಶತಮಾನದ ಆದಿಯಲ್ಲಿ ಅದೇ ನಗರದಲ್ಲಿದ್ದ ಚೀನದೇಶದ ಫಾಹಿಯಾನನು, ವೈಶ್ಯಗೃಹಸ್ಥರು ನಡೆಸುತ್ತಿದ್ದ ಧರ್ಮವೈದ್ಯಶಾಲೆಗಳಲ್ಲಿ ಬಡವರಿಗೂ ಅನಾಥರಿಗೂ ರೋಗಿಗಳಿಗೂ ಆಹಾರೌಷಧಗಳು ದೊರೆಯುತ್ತಿದ್ದುವೆಂದು ಬರೆದಿರುವನು.

ಅರ್ಥಶಾಸ್ತ್ರದ ಕಾಲವು ವಿವಾದಗ್ರಸ್ತವಾದುದರಿಂದ, ಕೌಟಿಲ್ಯನ ವಿಧಿಯನ್ನೂ ಮೆಗಾಸ್ತನೀಸನ ವರ್ಣನೆಯನ್ನೂ ಒಂದೇ ರಾಜ್ಯದ ಒಂದೇ ಕಾಲದ ಚಿತ್ರವೆಂದು ಸೇರಿಸಿ ಓದುವುದು ಯುಕ್ತವಲ್ಲ. ಅದು ಹೇಗೇ ಇರಲಿ, ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಇಲ್ಲಿ ಬೇರೆ ಬೇರೆ ಉತ್ತರಗಳಿರುವುದು ಸ್ಪಷ್ಟ. 'ನೀನು ಯಾರು?' ಎಂಬುದಕ್ಕೆ ವಿದೇಶೀಯನು ಮುದ್ರೆಯನ್ನು ತೋರಿಸಬೇಕು. 'ನಿನಗೆ ಕಾಯಿಲೆಯಾದರೆ ಗತಿಯೇನು?' ಎಂಬುದಕ್ಕೆ ನಗರವೋ ಧರ್ಮಿಷ್ಠರೋ ಉತ್ತರ ಹೇಳಬೇಕು. ಎರಡನೆಯ ಪ್ರಶ್ನೆಯೂ ವಿದೇಶೀಯನ ತಲೆಯಮೇಲೆಯೇ ಬಿದ್ದ ಬಗೆಯನ್ನು ಇನ್ನು ನೋಡಬೇಕು.

೪. ರೋಗವಿಲ್ಲವೆಂಬ ಪತ್ರ

ಆರೋಗ್ಯದ ಸಂಬಂಧವಾಗಿ ಪರದೇಶಿಯನ್ನು ಮೊದಲು ಕೇಳಿದ ಪತ್ರವು ಪ್ರತ್ಯಯದ ಜಾತಿಗೆ ಸೇರಿದುದು. ಮಹಾಮಾರಿಯ ಭಯದಿಂದ ಆಡ್ರಿಯಾಟಿಕ್ ಸಮುದ್ರತೀರದ ರಗೂಸಾ ನಗರವು ೧೩೭೭ರಲ್ಲಿ, ರೋಗವಿದ್ದ ಸ್ಥಳಗಳಿಂದ ಬಂದವರು ಮೂವತ್ತು ದಿನ ಹೊರಗೆ ತಂಗಿದ್ದು ಬರಬೇಕೆಂದು ಆಜ್ಞಾಪಿಸಿತು. ವೆನಿಸ್ ನಗರವು ೧೪೨೩ರಲ್ಲಿ ದ್ವೀಪವೊಂದರಲ್ಲಿ ಇದಕ್ಕಾಗಿಯೇ ಆಸ್ಪತ್ರೆಯನ್ನು ಸ್ಥಾಪಿಸಿತು. ಮುಂದೆ ಇಟಲಿಯ ನಗರಗಳಲ್ಲಿ, ತಾನು ಹೊರಟ ಊರಿನಲ್ಲಿ ರೋಗವಿಲ್ಲವೆಂದು ಆ ಊರಿನ ಅಧಿಕಾರಿಗಳು ಬರೆದುಕೊಟ್ಟ ಚೀಟಿಯಿಲ್ಲದವನನ್ನು ಬಾಗಿಲಲ್ಲಿಯೇ ತಡೆಯುವ ಪದ್ಧತಿಯು ನೆಲೆಗೊಂಡಿತು.

೧೮೫೧ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಮೊದಲ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನವು ಈ ನಿಯಮಗಳನ್ನು ಏಕರೂಪಕ್ಕೆ ತರುವ ಪ್ರಯತ್ನದ ಆರಂಭ. ನಮ್ಮ ದೇಶದಲ್ಲಿ ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ೧೮೯೮ರಲ್ಲಿ ಬೆಂಗಳೂರನ್ನು ಮುಟ್ಟಿತು. ನಡುವೆ ಹೊರಟ ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ರೈಲ್ವೆ ಪ್ರಯಾಣಿಕರನ್ನು ಪರೀಕ್ಷಿಸಿ ಬೇರ್ಪಡಿಸುವ ಅಧಿಕಾರವನ್ನು ಕೊಟ್ಟಿತು. ಹಳದಿಜ್ವರದ ಚುಚ್ಚುಮದ್ದಿನ ಪತ್ರವು ಇಂದಿಗೂ ಉಳಿದಿದೆ. ಹತ್ತು ವರ್ಷಗಳಿಗೊಮ್ಮೆ ಹೊಸದಾಗಿ ಪಡೆಯಬೇಕಾಗಿದ್ದ ಅದು ೨೦೧೬ರ ಜುಲೈ ೧೧ರಿಂದ ಯಾವಜ್ಜೀವವೂ ಸಲ್ಲತಕ್ಕುದಾಯಿತು.

ಈ ಪತ್ರಗಳ ಉದ್ದೇಶವು ಬಂದವನಿಂದ ಊರಿಗೆ ರೋಗವು ಹರಡದಂತೆ ನೋಡಿಕೊಳ್ಳುವುದು. ಬಂದವನಿಗೇ ರೋಗವಾದರೆ ವೆಚ್ಚ ಯಾರದೆಂಬ ವಿಚಾರವು ಅವುಗಳಲ್ಲಿ ಇಲ್ಲ. ಆರೋಗ್ಯಪತ್ರವನ್ನೂ ಆರೋಗ್ಯವಿಮಾಪತ್ರವನ್ನೂ ಒಂದೇ ವಂಶಕ್ಕೆ ಸೇರಿಸುವುದು ವಾಡಿಕೆಯಾದರೂ, ವಿಮಾಪತ್ರದ ವಂಶವೇ ಬೇರೆ. ಅದರ ಮೂಲವನ್ನು ವೈದ್ಯರ ಬಳಿಯಲ್ಲದೆ ಬಡವರ ಲೆಕ್ಕವನ್ನಿಟ್ಟವರ ಬಳಿ ಹುಡುಕಬೇಕು.

೫. ಗ್ರಾಮದ ಹೊಣೆ, ನಾವಿಕನ ಹೊಣೆ

ಇಂಗ್ಲೆಂಡಿನಲ್ಲಿ ಬಡವರನ್ನು ಪೋಷಿಸುವ ಭಾರವು ಪ್ಯಾರಿಷ್ ಎಂಬ ಗ್ರಾಮಘಟಕಗಳ ಮೇಲಿತ್ತು. ಪ್ರತಿಯೊಂದು ಘಟಕವೂ ತನ್ನವರಿಗಾಗಿ ತೆರಿಗೆ ಎತ್ತುತ್ತಿದ್ದುದರಿಂದ, ಹೊರಗಿನವನು ಬಂದು ನೆಲಸಿ ಕಾಯಿಲೆಯಿಂದಲೋ ನಿರುದ್ಯೋಗದಿಂದಲೋ ತನ್ನ ಮೇಲೆ ಬೀಳುವನೆಂಬ ಭಯವು ಎಲ್ಲ ಗ್ರಾಮಗಳಿಗೂ ಇತ್ತು. ೧೬೬೨ರ ಕಾಯಿದೆಯಂತೆ, ವರ್ಷಕ್ಕೆ ಹತ್ತು ಪೌಂಡಿಗಿಂತ ಕಡಮೆ ಬಾಡಿಗೆಯ ಮನೆಯಲ್ಲಿ ನೆಲಸಿದ, ಮುಂದೆ ಭಾರವಾಗಬಹುದೆಂದು ತೋರಿದ ಹೊಸಬನನ್ನು ನಲವತ್ತು ದಿನಗಳೊಳಗೆ ದೂರಿ ಅವನ ಮೂಲಗ್ರಾಮಕ್ಕೆ ಅಟ್ಟಬಹುದಾಗಿತ್ತು. ಅವನು ಭಿಕ್ಷೆ ಬೇಡಿರಬೇಕಾಗಿರಲಿಲ್ಲ. ಬೇಡಬಹುದೆಂಬ ಸಂಭಾವನೆಯೇ ಸಾಕಾಗಿತ್ತು.

ಇದರಿಂದ ಕೂಲಿಗಾರರ ಓಡಾಟವು ನಿಂತಿತು. ಆಗ ೧೬೯೭ರ ಕಾಯಿದೆಯು ಒಂದು ಪತ್ರವನ್ನು ಬಳಕೆಗೆ ತಂದಿತು. 'ಇವನು ನಮ್ಮ ಗ್ರಾಮದವನು. ನಿಮಗೆ ಭಾರವಾದರೆ ಹಿಂದಕ್ಕೆ ತೆಗೆದುಕೊಳ್ಳುವೆವು' ಎಂದು ಮೂಲಗ್ರಾಮದ ಅಧಿಕಾರಿಗಳು ರುಜುಮಾಡಿದ ಪತ್ರವನ್ನು ತಂದವನನ್ನು, ಅವನು ನಿಜವಾಗಿ ಭಾರವಾಗುವವರೆಗೂ ಹೊರಡಿಸುವಂತಿಲ್ಲ. ಇದರಲ್ಲಿ ದರ್ಶನದ ಹೊಣೆಯೂ ದಾನದ ಹೊಣೆಯೂ ಕೂಡಿಕೊಂಡಿವೆ. ಪರಸ್ಥಳದಲ್ಲಿ ವಾಸಿಸುವುದಕ್ಕೆ ಮುಂದೊದಗಬಹುದಾದ ವೆಚ್ಚದ ಹೊಣೆಯನ್ನು ಲಿಖಿತರೂಪದಲ್ಲಿ ತೋರಿಸಬೇಕೆಂಬ ನಿಯಮವನ್ನು ನಾವು ಇಲ್ಲಿ ಸ್ಪಷ್ಟವಾಗಿ ಕಾಣುತ್ತೇವೆ. ಸುಮಾರು ನೂರು ವರ್ಷಗಳ ಮೇಲೆ, ೧೭೯೫ರಲ್ಲಿ, ಸಂಭಾವನೆಯ ಮಾತ್ರದಿಂದ ಹೊರಡಿಸುವ ಕ್ರಮವನ್ನು ರದ್ದುಮಾಡಿ, ನಿಜವಾಗಿ ಭಾರವಾದವನನ್ನು ಮಾತ್ರ ಕಳುಹಿಸಬಹುದೆಂದು ವಿಧಿಸಲಾಯಿತು.

ಈ ಭಯವು ವಲಸೆಗಾರರೊಡನೆಯೇ ಸಮುದ್ರವನ್ನು ದಾಟಿತು. ನ್ಯೂಯಾರ್ಕಿನ ೧೮೨೪ರ ಕಾಯಿದೆಯಲ್ಲಿ, ತಾನು ತಂದಿಳಿಸಿದ ಪರದೇಶಿಗಳು ನಗರಕ್ಕೆ ಭಾರವಾಗರೆಂದು ಹಡಗಿನ ಯಜಮಾನನು ಮುಚ್ಚಳಿಕೆ ಬರೆದುಕೊಡಬೇಕೆಂಬ ನಿಯಮವಿತ್ತು. ಇಲ್ಲಿ ಹೊಣೆಗಾರನು ಮೂಲಗ್ರಾಮವಲ್ಲ, ನಾವಿಕ. ಆದರೆ ನೂರಾರು ಪ್ರಯಾಣಿಕರಿಗೆ ಒಬ್ಬೊಬ್ಬರಂತೆ ಮುಚ್ಚಳಿಕೆ ಬರೆದು, ವರ್ಷಗಳಾದಮೇಲೆ ಅವರಲ್ಲಿ ಯಾರೋ ಕಾಯಿಲೆಬಿದ್ದರೆ ಆ ನಾವಿಕನನ್ನು ಹುಡುಕಿ ಹಣವನ್ನು ವಸೂಲುಮಾಡುವುದು ದುಸ್ಸಾಧ್ಯ. ಆದುದರಿಂದ ಮುಚ್ಚಳಿಕೆಯ ಬದಲಾಗಿ ತಲೆಗೆ ಇಷ್ಟೆಂದು ಅಲ್ಪಹಣವನ್ನು ತೆಗೆದುಕೊಳ್ಳುವ ರೂಢಿ ಬಂದಿತು. ೧೮೪೭ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ವಲಸೆಗಾರರ ಮೇಲ್ವಿಚಾರಣೆಗೆ ಮಂಡಲಿಯೊಂದನ್ನು ನೇಮಿಸಿ, ಹೀಗೆ ಕೂಡಿದ ಹಣದಿಂದ ವಾರ್ಡ್ಸ್ ದ್ವೀಪದಲ್ಲಿ ಅವರಿಗಾಗಿ ಆಶ್ರಯಸ್ಥಾನವನ್ನೂ ಆಸ್ಪತ್ರೆಯನ್ನೂ ನಡೆಸಿತು. ಇಂಥ ಹಣವನ್ನು ಎತ್ತುವುದು ಸಂಸ್ಥಾನಗಳ ಅಧಿಕಾರಕ್ಕೆ ಮೀರಿದುದೆಂದು ಅಲ್ಲಿನ ಶ್ರೇಷ್ಠ ನ್ಯಾಯಾಲಯವು ೧೮೪೯ರಲ್ಲಿಯೂ ೧೮೭೬ರಲ್ಲಿಯೂ ತೀರ್ಪುಕೊಟ್ಟಮೇಲೆ, ೧೮೮೨ರಲ್ಲಿ ಕೇಂದ್ರಸರ್ಕಾರವೇ ತಲೆಗೆ ೫೦ ಸೆಂಟುಗಳ ಸುಂಕವನ್ನು ವಿಧಿಸಿ, ಸಂಕಟದಲ್ಲಿರುವ ವಲಸೆಗಾರರ ನೆರವಿಗಾಗಿ ಅದನ್ನು ನಿಧಿಯಾಗಿ ಇಟ್ಟಿತು. ಅದೇ ಕಾಯಿದೆಯು, ಸಾರ್ವಜನಿಕರಿಗೆ ಭಾರವಾಗದೆ ತನ್ನನ್ನು ನೋಡಿಕೊಳ್ಳಲಾರದವನನ್ನು ಇಳಿಯಗೊಡಬಾರದೆಂದೂ ವಿಧಿಸಿತು.

ಇಲ್ಲಿ ಒಂದು ಮುಖ್ಯವಾದ ಪರಿವರ್ತನೆಯು ನಡೆದುಹೋಗಿದೆ. ಒಬ್ಬ ಮನುಷ್ಯನು ಇನ್ನೊಬ್ಬನಿಗೆ ಹೊಣೆಯಾಗುವ ಪದ್ಧತಿಯು ಹೋಗಿ, ಬಂದವರೆಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟು ಅವರಲ್ಲಿ ಕಾಯಿಲೆಬಿದ್ದವನಿಗೆ ಒದಗುವ ಪದ್ಧತಿಯು ಬಂದಿತು. ಇದಕ್ಕೆ ವಿಮೆಯೆಂಬ ಹೆಸರು ಇರಲಿಲ್ಲವಾದರೂ ವಿಮೆಯ ತತ್ತ್ವವು ಇದೇ. ಇಂಗ್ಲೆಂಡು ೨೦೧೫ರ ಏಪ್ರಿಲಿನಿಂದ ವಲಸೆಗಾರರ ಮೇಲೆ ವಿಧಿಸಿದ ಆರೋಗ್ಯಸುಂಕವು ಈ ಶಾಖೆಗೆ ಸೇರಿದುದು. ಆರಂಭದಲ್ಲಿ ವರ್ಷಕ್ಕೆ ೨೦೦ ಪೌಂಡುಗಳಿದ್ದ ಅದು ೨೦೨೪ರ ಫೆಬ್ರವರಿಯಲ್ಲಿ ೧,೦೩೫ ಪೌಂಡುಗಳಿಗೆ ಏರಿತು. ಅಲ್ಲಿ ಸರ್ಕಾರವು ಹೊಣೆಗಾರನನ್ನು ಕೇಳುವುದಿಲ್ಲ, ಸುಂಕವನ್ನು ಕೇಳುತ್ತದೆ.

೬. ಜರ್ಮನಿಯ ಕ್ರಮ

ಶಿಷ್ಯನು ಹೊರಟಿದ್ದ ಜರ್ಮನಿಯ ಚರಿತ್ರೆಯಲ್ಲಿ ಈ ವಿಷಯದ ಎಲ್ಲ ಘಟ್ಟಗಳೂ ಒಂದಾದಮೇಲೊಂದು ಕಾಣಸಿಗುತ್ತವೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆ ದೇಶವು ಅನೇಕ ಸಂಸ್ಥಾನಗಳಾಗಿ ಹಂಚಿಹೋಗಿದ್ದು, ಪಕ್ಕದ ಸಂಸ್ಥಾನದವನೂ ಪರದೇಶಿಯೇ ಆಗಿದ್ದನು. ೧೮೫೧ರ ಗೋಥಾ ಒಪ್ಪಂದದಲ್ಲಿ, ಹೊರಡಿಸಲ್ಪಟ್ಟ ತಮ್ಮ ಪ್ರಜೆಗಳನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಆ ಸಂಸ್ಥಾನಗಳು ಪರಸ್ಪರ ಒಡಂಬಟ್ಟುವು. ೧೮೫೩ರ ಐಸೆನಾಖ್ ಒಡಂಬಡಿಕೆಯು ಇನ್ನೂ ಮುಂದೆ ಹೋಯಿತು. ಒಂದು ಸಂಸ್ಥಾನದ ಪ್ರಜೆಯು ಇನ್ನೊಂದರಲ್ಲಿ ಕಾಯಿಲೆಬಿದ್ದರೆ, ಪ್ರಯಾಣಕ್ಕೆ ಶಕ್ತನಾಗುವವರೆಗೆ ಅವನಿಗೆ ಶುಶ್ರೂಷೆಯನ್ನೂ, ಸತ್ತರೆ ಸಂಸ್ಕಾರವನ್ನೂ ತನ್ನವರಿಗೆ ಮಾಡುವಂತೆಯೇ ಮಾಡತಕ್ಕದ್ದು. ಅದರ ವೆಚ್ಚವನ್ನು ಇನ್ನೊಂದು ಸಂಸ್ಥಾನದ ಬೊಕ್ಕಸದಿಂದ ಕೇಳತಕ್ಕದ್ದಲ್ಲ. ಪಾಟಲಿಪುತ್ರದ ಆ ಐವರ ಮಂಡಲಿಯ ಧರ್ಮವು ಇಲ್ಲಿ ಸಮಾನರ ನಡುವಿನ ಒಪ್ಪಂದದ ರೂಪದಲ್ಲಿ ಮತ್ತೆ ಕಾಣಿಸಿಕೊಂಡಿದೆ. ಇವನನ್ನು ನಾನು ನೋಡಿಕೊಂಡರೆ ನನ್ನವನನ್ನು ನೀನು ನೋಡಿಕೊಳ್ಳುವೆ. ಆದುದರಿಂದ ಪತ್ರವೂ ಬೇಡ, ಲೆಕ್ಕವೂ ಬೇಡ.

ದೇಶವು ಒಂದಾದಮೇಲೆ, ೧೮೮೩ರ ಜೂನ್ ೧೫ರಂದು ಬಿಸ್ಮಾರ್ಕನ ಕಾಲದಲ್ಲಿ ಕೂಲಿಗಾರರ ಆರೋಗ್ಯವಿಮೆಯ ಶಾಸನವು ಹೊರಟು ೧೮೮೪ರ ಡಿಸೆಂಬರಿನಲ್ಲಿ ಜಾರಿಗೆ ಬಂದಿತು. ವಿಮಾಹಣದಲ್ಲಿ ಮೂರರಲ್ಲಿ ಎರಡು ಪಾಲು ಕೂಲಿಗಾರನದು, ಒಂದು ಪಾಲು ಯಜಮಾನನದು. ಕಾಯಿಲೆಬಿದ್ದವನಿಗೆ ಹದಿಮೂರು ವಾರಗಳವರೆಗೆ ಚಿಕಿತ್ಸೆಯೂ ಭತ್ಯವೂ. ಹುಟ್ಟಿದ ಗ್ರಾಮದ ಬದಲಾಗಿ ಮಾಡುವ ಕೆಲಸವೇ ಈ ಹೊಣೆಗೆ ಆಧಾರವಾದುದು ಇದರ ವಿಶೇಷ. ೧೯೫೫ರಲ್ಲಿ ಇಟಲಿಯೊಡನೆಯೂ ೧೯೬೧ರಲ್ಲಿ ತುರ್ಕಿಯೊಡನೆಯೂ ಒಪ್ಪಂದವಾಗಿ ಪರದೇಶದ ಕೂಲಿಗಾರರು ಲಕ್ಷಗಟ್ಟಲೆ ಬಂದಾಗ, ಕೆಲಸವಿದ್ದವನಿಗೆ ವಿಮೆಯೂ ಇದ್ದೇ ಇತ್ತು.

ಕೆಲಸದ ಮೂಲಕವಾಗಿ ಬಾರದ ವಿದ್ಯಾರ್ಥಿ, ಹೆಂಡತಿ, ಮುದಿ ತಂದೆತಾಯಿಗಳು—ಇವರಿಗಾದರೆ ಹೊಣೆಗಾರರಾರು? ೨೦೦೫ರ ಜನವರಿ ೧ರಂದು ಜಾರಿಗೆ ಬಂದ ಅಲ್ಲಿನ ನಿವಾಸದ ಕಾಯಿದೆಯು, ಸಾರ್ವಜನಿಕ ಹಣವನ್ನು ಆಶ್ರಯಿಸದೆ ಜೀವಿಸುವ ಶಕ್ತಿಯು ನಿವಾಸಾನುಮತಿಗೆ ಸಾಮಾನ್ಯ ನಿಬಂಧನೆಯೆಂದೂ, ಸಾಕಷ್ಟು ಆರೋಗ್ಯವಿಮೆಯೂ ಆ ಶಕ್ತಿಯಲ್ಲಿ ಸೇರಿದುದೆಂದೂ ಹೇಳಿತು. ೧೬೬೨ರ ಇಂಗ್ಲಿಷ್ ಕಾಯಿದೆಯಲ್ಲಿದ್ದ 'ಭಾರವಾಗಬಹುದು' ಎಂಬ ಭಯದ ಧ್ವನಿಯೇ ಇಲ್ಲಿಯೂ ಕೇಳಿಸುತ್ತದೆ.

ಪ್ರಯಾಣಿಕನ ವಿಮೆಗೂ ನಿವಾಸಿಯ ವಿಮೆಗೂ ಇರುವ ಭೇದವನ್ನು ಈಗ ಹೇಳಬಹುದು. ಅಲ್ಪಕಾಲ ಹೋಗಿಬರುವವನು ಕನಿಷ್ಠ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆಯನ್ನು ತೋರಿಸಬೇಕೆಂದು ಯೂರೋಪಿನ ಒಕ್ಕೂಟವು ೨೦೦೩ರ ಡಿಸೆಂಬರಿನಲ್ಲಿ ತೀರ್ಮಾನಿಸಿ, ೨೦೦೯ರ ವೀಸಾಸಂಹಿತೆಯಲ್ಲಿ ಅದನ್ನು ಸ್ಥಿರಪಡಿಸಿತು. ತುರ್ತುಚಿಕಿತ್ಸೆ, ರೋಗಿಯನ್ನು ಸ್ವದೇಶಕ್ಕೆ ಕಳುಹಿಸುವುದು, ಮರಣ—ಇವುಗಳ ವೆಚ್ಚವು ಅದರ ವ್ಯಾಪ್ತಿ. ಅವನನ್ನು ಹಿಂದಕ್ಕೆ ಕಳುಹಿಸುವವರೆಗಿನ ಹೊಣೆಯು ಅದು. ನೆಲಸುವವನ ವಿಮೆಯು ಆ ದೇಶದವರಿಗೆ ಸಾಮಾನ್ಯವಾಗಿ ದೊರೆಯುವ ಚಿಕಿತ್ಸೆಗಳನ್ನೆಲ್ಲ ಒಳಗೊಂಡಿರಬೇಕು. ಯೂರೋಪಿನ ದೀರ್ಘಕಾಲದ ನಿವಾಸಾಧಿಕಾರವನ್ನು ಬೇಡುವವನ ವಿಮೆಗೆ ಅವಧಿಯ ಮಿತಿಯಿರಬಾರದು, ಇದ್ದರೆ ಅದು ತಾನಾಗಿಯೇ ಮುಂದುವರಿಯತಕ್ಕುದಾಗಿರಬೇಕೆಂದು ಜರ್ಮನಿಯ ಕಾಯಿದೆಯು ವಿಧಿಸಿದೆ. ದಾನದ ಹೊಣೆಗಾರನು ಸತ್ತರೆ ಮಕ್ಕಳು ತೆರಬೇಕೆಂಬ ಯಾಜ್ಞವಲ್ಕ್ಯನ ವಿಧಿಗೂ ಇದಕ್ಕೂ ತಾತ್ಪರ್ಯವೊಂದೇ. ಹಣದ ಹೊಣೆಯು ನಡುದಾರಿಯಲ್ಲಿ ಮುಗಿಯಬಾರದು. ವಿಮಾಸಂಸ್ಥೆಗೆ ಮಕ್ಕಳಿಲ್ಲದಿರುವುದರಿಂದ ಪತ್ರವೇ ತನ್ನ ಸಂತತಿಯನ್ನು ತಾನು ಮುಂದುವರಿಸಬೇಕಾಗಿದೆ. ಶಿಷ್ಯನ ಮೊದಲನೆಯ ಪತ್ರವು ಹಿಂದಿರುಗಿ ಬಂದುದು ಈ ಕಾರಣದಿಂದ.

ಉಳಿದ ಪತ್ರಗಳ ವಿಷಯದಲ್ಲಿಯೂ ಒಂದು ಮಾತು. ಒಂದು ದೇಶದ ಮೊಹರನ್ನು ಇನ್ನೊಂದು ದೇಶವು ಸುಲಭವಾಗಿ ನಂಬುವಂತೆ ಮಾಡಲು ೧೯೬೧ರಲ್ಲಿ ಹೇಗ್ ನಗರದಲ್ಲಿ ಅಪೊಸ್ಟಿಲ್ ಎಂಬ ಏಕರೂಪದ ದೃಢೀಕರಣದ ಒಡಂಬಡಿಕೆಯಾಯಿತು. ೨೦೦೫ರಲ್ಲಿ ಭಾರತವು ಅದಕ್ಕೆ ಸೇರಿದಾಗ ಜರ್ಮನಿಯು ಆಕ್ಷೇಪಿಸಿದುದರಿಂದ ಈ ಎರಡು ದೇಶಗಳ ನಡುವೆ ಅದು ಸಲ್ಲದೆಹೋಯಿತು. ಜನನ-ವಿವಾಹಗಳ ಪತ್ರಗಳನ್ನು ಅವು ಹೊರಟ ಊರಿನಲ್ಲಿಯೇ ವಿಚಾರಿಸಿ ನಿಶ್ಚಯಿಸುವ ಕ್ರಮವನ್ನು ಜರ್ಮನಿಯ ಪ್ರತಿನಿಧಿಗಳು ಅನುಸರಿಸಿದರು. ಭಾರತದ ಪದವೀಪತ್ರಗಳನ್ನು ಪೂರ್ವಭಾವಿಯಾಗಿ ಪರಿಶೀಲಿಸಿದ ಪ್ರಮಾಣಪತ್ರವು ೨೦೨೨ರ ನವೆಂಬರಿನಿಂದ ವಿದ್ಯಾರ್ಥಿಗಳಿಗೆ ಕಡ್ಡಾಯವಾಯಿತು. ಲಿಖಿತವು ಸಂದೇಹಾಸ್ಪದವಾದಲ್ಲಿ ಸಾಕ್ಷಿಯನ್ನು ಆಶ್ರಯಿಸಬೇಕೆಂಬ ನ್ಯಾಯಕ್ಕೆ ಇದು ಅನುಗುಣವಾಗಿದೆ.

೭. ಯಜಮಾನನು ಹೊಣೆಯಾಗಬಹುದೆ?

ನಮ್ಮ ಕರಾವಳಿಯ ಮಂಗಳೂರು, ಉಡುಪಿ, ಭಟ್ಕಳಗಳ ಸಾವಿರಾರು ಕುಟುಂಬಗಳಿಗೆ ಪರಿಚಿತವಾದುದು ಅರಬ್ಬೀ ಕೊಲ್ಲಿಯ ದೇಶಗಳ ಕ್ರಮ. ಅಲ್ಲಿ ಪರದೇಶಿಯ ವಾಸಕ್ಕೆ ಆಧಾರವಾದವನಿಗೆ ಕಫೀಲ್ ಎಂದು ಹೆಸರು. ಆ ಅರಬ್ಬೀ ಶಬ್ದಕ್ಕೆ ಹೊಣೆಗಾರ ಎಂದೇ ಅರ್ಥ. ಕೂಲಿಗಾರನ ಪಾಲಿಗೆ ಸಾಮಾನ್ಯವಾಗಿ ಅವನ ಯಜಮಾನನೇ ಕಫೀಲನಾಗಿರುತ್ತಾನೆ. ಅಬುಧಾಬಿಯ ೨೦೦೫ರ ಕಾಯಿದೆಯೂ ದುಬಾಯಿಯ ೨೦೧೩ರ ಕಾಯಿದೆಯೂ ಕೆಲಸಗಾರನ ಆರೋಗ್ಯವಿಮೆಯ ಭಾರವನ್ನು ಯಜಮಾನನ ಮೇಲೆ ಹಾಕಿದುವು. ಭಾರತ ಸರ್ಕಾರವೂ ೨೦೦೩ರಲ್ಲಿ, ವಲಸೆಯ ಅನುಮತಿಯನ್ನು ಪಡೆದೇ ಹೋಗಬೇಕಾದ ಕೆಲಸಗಾರರಿಗೆ ಪ್ರವಾಸೀ ಭಾರತೀಯ ಬೀಮಾ ಯೋಜನೆಯನ್ನು ಕಡ್ಡಾಯಮಾಡಿತು.

ಚಿಕಿತ್ಸೆಯ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ದರ್ಶನ, ಪ್ರತ್ಯಯ, ದಾನಗಳೆಂಬ ಮೂರು ಹೊಣೆಗಳೂ ಒಬ್ಬನ ಕೈಯಲ್ಲಿ ಸೇರಿ, ಅವನೇ ಸಂಬಳ ಕೊಡುವವನೂ ಆದರೆ, ಹೊಣೆಯು ಹಿಡಿತವಾಗಿ ಪರಿಣಮಿಸುತ್ತದೆ. ಕೆಲಸವನ್ನು ಬಿಟ್ಟರೆ ವಾಸಕ್ಕೂ ಚಿಕಿತ್ಸೆಗೂ ಆಧಾರ ತಪ್ಪುವುದರಿಂದ ಅನ್ಯಾಯವಾದರೂ ಬಿಡುವಂತಿಲ್ಲ. ೨೦೨೦ರಲ್ಲಿ ಕತಾರ್ ದೇಶವು, ಬೇರೆ ಕೆಲಸಕ್ಕೆ ಸೇರಲು ಹಿಂದಿನ ಯಜಮಾನನ ಒಪ್ಪಿಗೆಪತ್ರ ಬೇಕೆಂಬ ನಿಯಮವನ್ನು ತೆಗೆದುಹಾಕಿದುದು ಈ ದೋಷದ ಪರಿಹಾರಕ್ಕಾಗಿಯೇ. ಇಲ್ಲಿ ಕಾತ್ಯಾಯನನ ವಿಧಿಯೊಂದು ಸ್ಮರಣೀಯವಾಗಿದೆ. ಹೊಣೆಗಾರರಾಗಿ ಸ್ವೀಕರಿಸಬಾರದವರನ್ನು ಎಣಿಸುವಾಗ ಅವನು ಶತ್ರುವಿಗಿಂತಲೂ ಮೊದಲು ಸ್ವಾಮಿಯನ್ನು, ಎಂದರೆ ಯಜಮಾನನನ್ನು, ಹೇಳಿ, ಯಜಮಾನನಿಂದ ನಿಯುಕ್ತನಾದವನನ್ನೂ ನಿಷೇಧಿಸಿರುವನು. ಆ ವಿಧಿಯ ಪ್ರಸಂಗವು ನ್ಯಾಯಸ್ಥಾನದ ವ್ಯವಹಾರವೇ ಹೊರತು ಪರದೇಶವಾಸವಲ್ಲ. ಆದರೂ ಅಧಿಕಾರವುಳ್ಳವನ ಹೊಣೆಯು ಶುದ್ಧವಾದ ಹೊಣೆಯಲ್ಲವೆಂಬ ಅದರ ಆಶಯವು ಇಲ್ಲಿಗೂ ಸಲ್ಲುತ್ತದೆ.

೮. ಹೊಣೆಯಿಲ್ಲದವನ ಗತಿ

ಇನ್ನು ಕೊನೆಯ ಪ್ರಶ್ನೆ. ಹೊಣೆಗಾರನು ದೊರೆಯದವನ ಗತಿಯೇನು? ವಾದಿಗೆ ಹೊಣೆಗಾರರಿಲ್ಲದಿದ್ದರೆ ಅವನನ್ನು ಕಾವಲಿನಲ್ಲಿಟ್ಟು, ದಿನದ ಕೊನೆಯಲ್ಲಿ ಕಾವಲುಗಾರನ ವೇತನವನ್ನು ಅವನಿಂದ ಕೊಡಿಸಬೇಕೆಂದು ಕಾತ್ಯಾಯನನೇ ಹೇಳಿರುವನು. ಇದು ಕಠಿನವಾಗಿ ಕಾಣಬಹುದು. ಆದರೆ ಹೊಣೆಯಿಲ್ಲವೆಂದು ಅವನ ವ್ಯವಹಾರವನ್ನು ಕೇಳದೆ ಅಟ್ಟಬೇಕೆಂದು ಸ್ಮೃತಿಕಾರನು ಹೇಳಲಿಲ್ಲ. ಹೊಣೆಗೆ ಪ್ರತಿನಿಧಿಯನ್ನು ಕಲ್ಪಿಸಿ ಬಾಗಿಲನ್ನು ತೆರೆದೇ ಇಟ್ಟನು.

ನಮ್ಮ ಕಾಲದಲ್ಲಿಯೂ ಇಂಥ ಕಲ್ಪನೆಯು ಇಲ್ಲದಿಲ್ಲ. ದರ್ಶನಕ್ಕೆ ಹೊಣೆಯಾಗತಕ್ಕ ರಾಜ್ಯವನ್ನೇ ಕಳೆದುಕೊಂಡವರಿಗಾಗಿ ೧೯೨೨ರಲ್ಲಿ ನಾನ್ಸೆನ್ ಪಾಸುಪೋರ್ಟು ಹುಟ್ಟಿತು. ೧೯೫೧ರ ನಿರಾಶ್ರಿತರ ಒಡಂಬಡಿಕೆಯು, ಸ್ವದೇಶದ ಅಧಿಕಾರಿಗಳು ಕೊಡಬೇಕಾಗಿದ್ದ ಪತ್ರಗಳನ್ನು ಆಶ್ರಯಕೊಟ್ಟ ದೇಶವೇ ಒದಗಿಸಬೇಕೆಂದೂ, ಸಾರ್ವಜನಿಕ ನೆರವಿನಲ್ಲಿ ನಿರಾಶ್ರಿತರನ್ನು ತನ್ನ ಪ್ರಜೆಗಳಂತೆಯೇ ನೋಡಬೇಕೆಂದೂ ವಿಧಿಸಿತು.

ಆದರೆ ನಿರಾಶ್ರಿತನಲ್ಲದ, ದೇಶವಿದ್ದೂ ದಾನದ ಹೊಣೆ ದೊರೆಯದ ಒಂದು ವರ್ಗವುಂಟು. ಅವರು ವೃದ್ಧರು ಮತ್ತು ರೋಗಿಗಳು. ೨೦೨೪ರ ಮಾರ್ಚಿನಿಂದ ಜರ್ಮನಿಯು ಹೊಸದಾಗಿ ಬರುವ ಕುಶಲ ಕೆಲಸಗಾರರಿಗೆ ತಂದೆತಾಯಿಗಳನ್ನು ಕರೆಸಿಕೊಳ್ಳುವ ಅವಕಾಶವನ್ನು ಕೊಟ್ಟಿತು. ಇದು ಪಿತೃಸೇವೆಯನ್ನು ಧರ್ಮವೆಂದು ತಿಳಿದ ನಮಗೆ ಸಂತೋಷದ ವಿಷಯ. ಆದರೆ ಅವರಿಗೆ ಸಾಕಷ್ಟು ಆರೋಗ್ಯವಿಮೆ ಇರಲೇಬೇಕು. ಅಲ್ಲಿನ ಸಾರ್ವಜನಿಕ ವಿಮಾನಿಧಿಗಳಿಗೆ ೫೫ ವರ್ಷ ದಾಟಿದವರು ಹೊಸದಾಗಿ ಸೇರುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಖಾಸಗಿ ಸಂಸ್ಥೆಗಳಾದರೋ ವಯಸ್ಸನ್ನೂ ಹಳೆಯ ಕಾಯಿಲೆಗಳನ್ನೂ ನೋಡಿ ವಿಮಾಹಣವನ್ನು ಏರಿಸುತ್ತವೆ, ಇಲ್ಲವೆ ನಿರಾಕರಿಸುತ್ತವೆ. ಮಗನು ಮುಚ್ಚಳಿಕೆ ಬರೆದುಕೊಡಬಹುದು. ಜೀವನದ ಮತ್ತು ಕಾಯಿಲೆಯ ವೆಚ್ಚವನ್ನು ಐದು ವರ್ಷಗಳವರೆಗೆ ತಾನೇ ಭರಿಸುವೆನೆಂಬ ಮುಚ್ಚಳಿಕೆಯು ಆ ಕಾಯಿದೆಯಲ್ಲಿದೆ. ಪುರಾತನವಾದ ಮನುಷ್ಯಪ್ರತಿಭುವು ಅಷ್ಟರಮಟ್ಟಿಗೆ ಉಳಿದಿರುವನು. ಆದರೂ ಮಗನ ಮಾತು ವಿಮೆಯ ಸ್ಥಾನದಲ್ಲಿ ನಿಲ್ಲುವುದು ಕಷ್ಟ.

ವಿಮೆಯ ಮೂಲತತ್ತ್ವವು ಅನೇಕರ ಅಲ್ಪಹಣದಿಂದ ಕಾಯಿಲೆಬಿದ್ದ ಒಬ್ಬನಿಗೆ ಒದಗುವುದು. ವಾರ್ಡ್ಸ್ ದ್ವೀಪದ ಆಸ್ಪತ್ರೆಯು ಹಾಗೆ ಹುಟ್ಟಿತು. ಅದೇ ವಿಮೆಯು ಬಾಗಿಲ ಪತ್ರವಾದಾಗ, ಕಾಯಿಲೆ ಬೀಳದವನಿಗೆ ಸುಲಭವಾಗಿಯೂ ಬೀಳುವವನಿಗೆ ದುರ್ಲಭವಾಗಿಯೂ ಪರಿಣಮಿಸಿದೆ. ಹಿಂದಿನ ಹೊಣೆಗಾರನು, ಗ್ರಾಮವಾಗಲಿ ಬಂಧುವಾಗಲಿ, ಹೊಣೆಯಾದುದು ಪರಿಚಯದಿಂದ. ಇಂದಿನ ಹೊಣೆಗಾರನು ಹೊಣೆಯಾಗುವುದು ಗಣಿತದಿಂದ. ಪರಿಚಯದ ಹೊಣೆಯಲ್ಲಿ ಹಿಡಿತದ ದೋಷವಿತ್ತು. ಗಣಿತದ ಹೊಣೆಯಲ್ಲಿ ಆ ದೋಷವಿಲ್ಲ. ಆದರೆ ಗಣಿತಕ್ಕೆ ವೃದ್ಧೆಯೊಬ್ಬಳ ಮುಖವು ಕಾಣುವುದಿಲ್ಲ.

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಪರದೇಶವಾಸಕ್ಕೆ ಕೇಳುವ ಪತ್ರಗಳು ಮೂರು ಬಗೆಯ ಹೊಣೆಯ ಮತ್ತು ಆಧಿಯ ರೂಪಾಂತರಗಳು. ಅವುಗಳಲ್ಲಿ ಆರೋಗ್ಯವಿಮಾಪತ್ರವು ರೋಗಭಯದಿಂದ ಹುಟ್ಟಿದ ಆರೋಗ್ಯಪತ್ರದ ವಂಶಕ್ಕೆ ಸೇರದೆ, ಬಡತನದ ಭಯದಿಂದ ಹುಟ್ಟಿದ ಗ್ರಾಮಪತ್ರದ ವಂಶಕ್ಕೆ ಸೇರಿದುದು. ಮುದ್ರೆಯನ್ನು ಕೇಳುವ ಅಧಿಕಾರದಷ್ಟೇ ಶುಶ್ರೂಷೆಯನ್ನು ಮಾಡುವ ಧರ್ಮವೂ ರಾಜ್ಯಕ್ಕೆ ಹಳೆಯದು. ಹೊಣೆಯಿಲ್ಲದವನಿಗೂ ಒಂದು ಮಾರ್ಗವನ್ನು ಉಳಿಸುವುದು ನ್ಯಾಯದ ಅಂಗವೆಂದು ನಮ್ಮ ನಿಬಂಧಕಾರರು ತಿಳಿದಿದ್ದರು.

ಶಿಷ್ಯನು ಸರಿಯಾದ ವಿಮೆಯನ್ನು ಮಾಡಿಸಿಕೊಂಡು ಹೊರಟುಹೋದನು. ಓದು ಮುಗಿದು ಕೆಲಸ ದೊರೆತರೆ ತಾಯಿಯನ್ನು ಕರೆಸಿಕೊಳ್ಳಬೇಕೆಂದು ಅವನಿಗೆ ಆಸೆಯಿದೆ. ಆಕೆಯು ಅರುವತ್ತನ್ನು ದಾಟಿದವಳು, ಮಧುಮೇಹವುಳ್ಳವಳು. ಅವನ ಪ್ರಶ್ನೆಗೆ ಈ ಲೇಖನದಲ್ಲಿ ಉತ್ತರವನ್ನು ಹೇಳಲು ಯತ್ನಿಸಿರುತ್ತೇನೆ. ಆಕೆಯ ಪ್ರಶ್ನೆಗೆ ಉತ್ತರವನ್ನು ಆಯಾ ದೇಶದ ಶಾಸನಕಾರರೇ ಹೇಳಬೇಕು. ಇದರಲ್ಲಿ ಸ್ಖಾಲಿತ್ಯಗಳಿದ್ದಲ್ಲಿ ವಿದ್ವಾಂಸರು ತಿದ್ದಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.